ಮೂರು ಪಾಳಿಯ ಕೆಲಸಕ್ಕೆ ಒಬ್ಬರೇ: ಮನೆಯಲ್ಲಿ ಒಂಟಿಯಾಗಿ ಆರೈಕೆ ಮಾಡುವವರಿಗೆ ಗೊತ್ತಿರಬೇಕಾದದ್ದು

ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದ ಎಪ್ಪತ್ತೈದರ ತಾಯಿಯನ್ನು ವಾರ್ಡಿನಲ್ಲಿ ಮೂರು ಪಾಳಿಯ ನರ್ಸುಗಳು ನೋಡಿಕೊಳ್ಳುತ್ತಾರೆ. ಮಗ್ಗುಲು ಬದಲಿಸಲು ಆಯಾ ಇರುತ್ತಾರೆ, ಕೈಕಾಲು ಆಡಿಸಲು ಫಿಸಿಯೋಥೆರಪಿಯವರು ಬರುತ್ತಾರೆ, ಊಟ ಅಡುಗೆಮನೆಯಿಂದ ಬರುತ್ತದೆ, ಬಟ್ಟೆ ಧೋಬಿಖಾನೆಗೆ ಹೋಗುತ್ತದೆ. ಡಿಸ್ಚಾರ್ಜ್ ಆದ ದಿನ ಇವರೆಲ್ಲರ ಕೆಲಸವೂ ಒಂದು ಪ್ಲಾಸ್ಟಿಕ್ ಫೈಲಿನೊಂದಿಗೆ ಒಬ್ಬರ ಕೈಗೆ ಬರುತ್ತದೆ. ಆ ಒಬ್ಬರು ಮದುವೆಯಾಗದ ಮಗಳಿರಬಹುದು, ಸೊಸೆಯಿರಬಹುದು, ಊರಲ್ಲೇ ಉಳಿದ ಮಗನಿರಬಹುದು. ಎಷ್ಟೋ ಮನೆಗಳಲ್ಲಿ ಅದು ತಾನೇ ಎಪ್ಪತ್ತು ದಾಟಿದ ಗಂಡ ಅಥವಾ ಹೆಂಡತಿ.

ಇಂಥ ಮನೆಗಳು ಈಗ ಅಪರೂಪವಲ್ಲ. ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯ ಎಂಬ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಪಾರ್ಶ್ವವಾಯು, ಕ್ಯಾನ್ಸರ್, ಪಾರ್ಕಿನ್ಸನ್, ಸೊಂಟದ ಮೂಳೆ ಮುರಿತ ಇವೆಲ್ಲ ಬೇರೆ. ಇನ್ನೊಂದು ಕಡೆ ಮನೆಗಳು ಚಿಕ್ಕದಾಗಿವೆ, ಮಕ್ಕಳು ಬೇರೆ ಬೇರೆ ಊರು, ದೇಶ ಸೇರಿದ್ದಾರೆ. ಹೀಗಾಗಿ ಹಿಂದೆ ನಾಲ್ಕು ಜನ ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರ ತಲೆಗೆ ಬರುತ್ತದೆ. ಆ ಒಬ್ಬರು ದಣಿದರೆ ಅದಕ್ಕೆ ಪ್ರೀತಿ ಕಡಿಮೆಯಾದದ್ದು ಕಾರಣವಲ್ಲ, ಲೆಕ್ಕ ತಪ್ಪಿದ್ದು ಕಾರಣ. ವಾರಕ್ಕೆ 168 ಗಂಟೆ. ಆಸ್ಪತ್ರೆ ಅದನ್ನು ಹಲವರಿಗೆ ಹಂಚುತ್ತದೆ, ಮನೆ ಹಂಚುವುದಿಲ್ಲ.

ಯಾವ ಕೆಲಸ ಹಂಚಲಾಗದು, ಯಾವುದು ಹಂಚಬಹುದು

‘ಅಮ್ಮನನ್ನು ನೋಡಿಕೊಳ್ಳುವುದು’ ಎಂದು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಸೇರಿಹೋಗಿರುವ ಕೆಲಸಗಳು ಹಲವು. ಸ್ನಾನ, ಊಟ, ಡಯಾಪರ್, ಮಗ್ಗುಲು ಬದಲಿಸುವುದು ಮೈಯ ಕೆಲಸ; ಇದಕ್ಕೆ ಮನೆಯಲ್ಲೇ ಇರುವ ಎರಡು ಕೈ ಬೇಕು. ಎರಡನೆಯದು ಕಾವಲು. ಮರೆವಿನ ಕಾಯಿಲೆಯವರು ಬಾಗಿಲು ತೆರೆದು ಹೊರಟುಬಿಡಬಹುದು, ಗ್ಯಾಸ್ ಹಚ್ಚಿ ಮರೆಯಬಹುದು. ಕಾವಲಿನಲ್ಲಿ ಕೈಗೆ ಕೆಲಸ ಕಾಣದಿದ್ದರೂ ಗಮನ ಒಂದು ನಿಮಿಷವೂ ಸಡಿಲವಾಗುವುದಿಲ್ಲ. ‘ಮನೆಯಲ್ಲೇ ತಾನೇ ಇರುತ್ತೀಯ’ ಎನ್ನುವವರ ಕಣ್ಣಿಗೆ ಬೀಳದ ದಣಿವು ಇದೇ. ಮೂರನೆಯದು ಓಡಾಟ ಮತ್ತು ಕಾಗದ: ಔಷಧ ತರುವುದು, ಡಾಕ್ಟರ ಸಮಯ ಗೊತ್ತುಮಾಡುವುದು, ವಿಮೆಯ ಅರ್ಜಿ, ಪಿಂಚಣಿ, ಕರೆಂಟ್ ಬಿಲ್ಲು. ಕೊನೆಯದು ತೀರ್ಮಾನ. ಜ್ವರ ಬಂದಿದೆ, ಆಸ್ಪತ್ರೆಗೆ ಒಯ್ಯಬೇಕೇ ಕಾಯಬೇಕೇ ಎಂದು ರಾತ್ರಿ ಹನ್ನೊಂದಕ್ಕೆ ಒಬ್ಬರೇ ನಿರ್ಧರಿಸಬೇಕಾಗುವುದು ಬಹಳ ಮಂದಿಗೆ ಎಲ್ಲಕ್ಕಿಂತ ಭಾರವೆನಿಸುತ್ತದೆ.

ಈ ನಾಲ್ಕರಲ್ಲಿ ಒಂಟಿಯಾಗಿರುವವರು ನಿಜಕ್ಕೂ ಒಂಟಿಯಾಗಿ ಮಾಡಲೇಬೇಕಾದದ್ದು ಮೈಯ ಕೆಲಸದ ಒಂದು ಪಾಲು ಮಾತ್ರ. ಕಾಗದದ ಕೆಲಸ ಪುಣೆಯಿಂದಲೂ ಆಗುತ್ತದೆ, ದುಬೈಯಿಂದಲೂ ಆಗುತ್ತದೆ. ಆದರೆ ಎಲ್ಲವೂ ಒಂದೇ ಮೂಟೆಯಾಗಿರುವಾಗ ಯಾರೂ ಅದನ್ನು ಎತ್ತಲು ಬರುವುದಿಲ್ಲ. ಮೊದಲು ಮೂಟೆ ಬಿಚ್ಚಬೇಕು.

ರಾತ್ರಿಯ ನಿದ್ರೆ

ಆರೈಕೆ ಮಾಡುವವರಲ್ಲಿ ಮೊದಲು ಕೆಡುವುದು ನಿದ್ರೆ. ಅವರು ಮಲಗಿರುವ ಒಟ್ಟು ಸಮಯ ಏಳು ಗಂಟೆಯಿದ್ದರೂ, ನಡುವೆ ಐದು ಬಾರಿ ಎದ್ದರೆ ಮೆದುಳಿಗೆ ಆಳವಾದ ನಿದ್ರೆ ಸಿಗುವುದಿಲ್ಲ. ಕೆಲವೇ ವಾರಗಳಲ್ಲಿ ಮರೆವು, ಸಿಡುಕು, ಕಾರಣವಿಲ್ಲದ ಅಳು ಶುರುವಾಗುತ್ತವೆ. ಮಾತ್ರೆ ಎರಡು ಸಲ ಕೊಟ್ಟುಬಿಡುವಂಥ ತಪ್ಪುಗಳಾಗುತ್ತವೆ. ಹಾಗಾಗಿ ‘ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಉಪಚಾರದ ಮಾತಿಗಿಂತ ‘ರಾತ್ರಿ ಎಷ್ಟು ಸಲ, ಯಾವುದಕ್ಕಾಗಿ ಎದ್ದಿರಿ’ ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ವಾರ ಇದನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿದರೆ ಹಲವು ಸಲ ದಾರಿ ಸಿಗುತ್ತದೆ.

ಮೂತ್ರಕ್ಕಾಗಿ ಎಬ್ಬಿಸುತ್ತಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆ ಹೋಗುತ್ತಿದೆಯೇ ಎಂದು ನೋಡಬೇಕು. ಅದನ್ನು ಬೆಳಗಿನ ಹೊತ್ತಿಗೆ ಬದಲಿಸಲು ಡಾಕ್ಟರನ್ನು ಕೇಳಬಹುದು. ದಿನಕ್ಕೆ ಐದು ಹೊತ್ತು ಹಂಚಿಹೋಗಿರುವ ಮಾತ್ರೆಗಳನ್ನು ಮೂರು ಹೊತ್ತಿಗೆ ಇಳಿಸಲು ಸಾಧ್ಯವೇ ಎಂದೂ ಕೇಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ, ಏಕೆಂದರೆ ಚೀಟಿ ಬರೆಯುವವರ ಎದುರಿಗೆ ರೋಗಿಯಿರುತ್ತಾರೆ, ಮಾತ್ರೆ ಕೊಡುವವರು ಹಿಂದೆ ನಿಂತಿರುತ್ತಾರೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸುತ್ತಾರೆ. ಕಾರಣ ಸರಳ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಕೊಂಡಿದ್ದರೆ ರಕ್ತ ಹರಿಯದೆ ಆ ಭಾಗ ಸಾಯುತ್ತದೆ. ಅದೇ ಹಾಸಿಗೆ ಹುಣ್ಣು. ಆದರೆ ಒಬ್ಬರೇ ಇರುವ ಮನೆಯಲ್ಲಿ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಏಳುವುದು ತಿಂಗಳುಗಟ್ಟಲೆ ನಡೆಯುವ ಮಾತಲ್ಲ. ಗಾಳಿ ತುಂಬಿದ ಕೋಶಗಳು ಸರದಿಯಲ್ಲಿ ಉಬ್ಬಿ ಇಳಿಯುವ ಏರ್ ಬೆಡ್ ಇದಕ್ಕೆಂದೇ ಇದೆ. ಅದು ಮಗ್ಗುಲು ಬದಲಿಸುವ ಕೆಲಸವನ್ನು ಪೂರ್ತಿ ತಪ್ಪಿಸದು. ಚರ್ಮ ಚೆನ್ನಾಗಿದ್ದರೆ ರಾತ್ರಿಯ ಅಂತರವನ್ನು ಎಷ್ಟು ಹಿಗ್ಗಿಸಬಹುದು ಎಂದು ನರ್ಸ್ ಅಥವಾ ಡಾಕ್ಟರನ್ನು ಕೇಳಿ ನಿಶ್ಚಯಿಸಬಹುದು. ನಾಲ್ಕು ಗಂಟೆಯ ಒಂದೇ ನಿದ್ರೆ ಸಿಕ್ಕರೂ ಮರುದಿನ ಬೇರೆಯೇ ಆಗಿರುತ್ತದೆ. ಬೆಳಿಗ್ಗೆ ಬೆನ್ನಿನ ಕೆಳಭಾಗ, ಸೊಂಟದ ಬದಿ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗ ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ನಮ್ಮಂಥ ಕಂದು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಕೆಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ.

ಸಂಜೆ ಐದರ ಮೇಲೆ ಗೊಂದಲ, ಹಟ, ‘ನನ್ನನ್ನು ಮನೆಗೆ ಕರೆದುಕೊಂಡು ಹೋಗು’ ಎಂಬ ಒತ್ತಾಯ ಹೆಚ್ಚಾಗುವುದು ಮರೆವಿನ ಕಾಯಿಲೆಯಲ್ಲಿ ಸಾಮಾನ್ಯ. ಹಗಲು ಬೆಳಕಿನಲ್ಲಿ ಕೂರಿಸುವುದು, ಮಧ್ಯಾಹ್ನದ ನಿದ್ರೆ ಮೊಟಕು ಮಾಡುವುದು, ಕತ್ತಲಾಗುವ ಮೊದಲೇ ದೀಪ ಹಾಕುವುದು ಸ್ವಲ್ಪ ನೆರವಾಗುತ್ತವೆ. ಆದರೆ ಒಂದೆರಡು ದಿನಗಳಲ್ಲೇ ಗೊಂದಲ ಏಕಾಏಕಿ ವಿಪರೀತವಾದರೆ ಅದನ್ನು ‘ಕಾಯಿಲೆ ಜಾಸ್ತಿಯಾಯಿತು’ ಎಂದು ಬಿಟ್ಟುಬಿಡಬಾರದು. ಮೂತ್ರದ ಸೋಂಕು, ಮಲಬದ್ಧತೆ, ನಿರ್ಜಲೀಕರಣ, ಹೊಸ ಮಾತ್ರೆ ಇವುಗಳಿಂದಲೂ ಹಾಗಾಗುತ್ತದೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ.

ಬೆನ್ನು ಉಳಿಸಿಕೊಳ್ಳುವುದು

ನಿದ್ರೆಯ ನಂತರ ಕೆಡುವುದು ಸೊಂಟ. ನಮ್ಮ ಮನೆಗಳಲ್ಲಿ ಮಂಚ ಗೋಡೆಗೆ ಒತ್ತಿಕೊಂಡಿರುತ್ತದೆ, ಎತ್ತರ ಮೊಣಕಾಲಿನಷ್ಟು. ಒಂದೇ ಬದಿಯಿಂದ, ಬಗ್ಗಿ, ರೋಗಿಯ ಕಂಕುಳಿಗೆ ಕೈ ಹಾಕಿ ಎಳೆಯುವುದು ಎಲ್ಲರೂ ಮಾಡುವ ಕ್ರಮ. ಇದರಿಂದ ಎಳೆಯುವವರ ಬೆನ್ನಿಗೂ ಪೆಟ್ಟು. ಪಾರ್ಶ್ವವಾಯುವಿನಿಂದ ಸೋತ ತೋಳಾದರೆ ರೋಗಿಯ ಭುಜದ ಕೀಲಿಗೂ ಪೆಟ್ಟು.

ಮಂಚವನ್ನು ಗೋಡೆಯಿಂದ ಬಿಡಿಸಿ ಎರಡೂ ಬದಿಗೆ ಒಬ್ಬರು ಓಡಾಡುವಷ್ಟು ಜಾಗ ಮಾಡುವುದು ಮೊದಲ ಬದಲಾವಣೆ. ಬದಿಗೆ ಸರಳುಗಳಿರುವ, ಎತ್ತರ ಹೊಂದಿಸಬಹುದಾದ ಆಸ್ಪತ್ರೆ ಮಂಚ ನಗರಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಮಲಗಿರುವವರ ಕೆಳಗಿನ ಹೊದಿಕೆಯನ್ನು ಒಬ್ಬರೇ ಬದಲಿಸುವ ಕ್ರಮ ಹೀಗಿದೆ: ಆಚೆ ಬದಿಯ ಸರಳನ್ನು ಎತ್ತಿ, ಅವರನ್ನು ಆ ಕಡೆಗೆ ಮಗ್ಗುಲಾಗಿಸಬೇಕು. ಕೊಳೆಯಾದ ಹೊದಿಕೆಯನ್ನು ಉದ್ದಕ್ಕೆ ಸುತ್ತಿ ಬೆನ್ನಿನವರೆಗೆ ತಳ್ಳಬೇಕು. ಹೊಸ ಹೊದಿಕೆಯ ಅರ್ಧ ಭಾಗ ಹಾಸಿ, ಉಳಿದರ್ಧವನ್ನು ಸುತ್ತಿ ಅದೇ ಬೆನ್ನಿನ ಪಕ್ಕದಲ್ಲಿ ಇಡಬೇಕು. ಈಗ ಈ ಬದಿಯ ಸರಳು ಎತ್ತಿ, ಅವರನ್ನು ಆ ಎರಡು ಸುರುಳಿಗಳ ಮೇಲಿಂದ ಇತ್ತ ಹೊರಳಿಸಿ, ಆಚೆ ಬದಿಗೆ ಹೋಗಿ, ಹಳೆಯದನ್ನು ಎಳೆದು ಹೊಸದನ್ನು ಬಿಡಿಸಿದರಾಯಿತು. ಎಲ್ಲೂ ಎತ್ತುವ ಪ್ರಮೇಯವೇ ಇಲ್ಲ, ಹೊರಳಿಸುವುದಷ್ಟೇ. ಡಿಸ್ಚಾರ್ಜಿಗೆ ಮೊದಲು ವಾರ್ಡಿನ ನರ್ಸನ್ನು ಕೇಳಿ, ಅವರೆದುರಿಗೇ ಎರಡು ಸಲ ಮಾಡಿ ಕಲಿತರೆ ವರ್ಷಗಳ ನೋವು ತಪ್ಪುತ್ತದೆ.

ಬಾಯಿಂದ ಅಥವಾ ನಳಿಕೆಯಿಂದ ಆಹಾರ ಕೊಡುವಾಗ ತಲೆದೆಸೆ ಎತ್ತರವಾಗಿರಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಾಗೇ ಇರಿಸಬೇಕು. ಮಲಗಿಸಿ ಕೊಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು.

ಸಿಟ್ಟು ಮತ್ತು ಬಾಯಿಬಿಡದ ಯೋಚನೆ

ಹತ್ತನೆಯ ಸಲ ಅದೇ ಪ್ರಶ್ನೆ ಕೇಳಿದಾಗ ಗದರುವುದು, ಗದರಿದ್ದಕ್ಕೆ ಬಚ್ಚಲಿಗೆ ಹೋಗಿ ಅಳುವುದು, ಅತ್ತ ಮೇಲೆ ಮತ್ತೆ ಬಂದು ಗಂಜಿ ಕುಡಿಸುವುದು. ಇದು ಆರೈಕೆಯ ಮನೆಗಳ ದಿನಚರಿ. ಇದರ ಜೊತೆಗೆ ಹೆಚ್ಚಿನವರು ಯಾರಿಗೂ ಹೇಳದ ಒಂದು ಯೋಚನೆಯಿದೆ: ‘ದೇವರು ಇವರನ್ನು ಬೇಗ ಕರೆದುಕೊಂಡರೆ ಸಾಕಪ್ಪ.’ ಇದು ಬಂದದ್ದಕ್ಕೆ ತಾವು ಪಾಪಿಗಳೆಂದು ಕೊರಗುವವರಿದ್ದಾರೆ. ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳುವವರಲ್ಲಿ ಈ ಯೋಚನೆ ಬರುವುದು ಅಪರೂಪವಲ್ಲ ಎನ್ನುವುದು ಆಪ್ತಸಮಾಲೋಚಕರಿಗೆ ಚೆನ್ನಾಗಿ ಗೊತ್ತು. ಕಣ್ಣೆದುರಿನ ನರಳಾಟ ಮುಗಿಯಲಿ ಎಂಬ ಬಯಕೆ ಅದು. ಮರೆವಿನ ಕಾಯಿಲೆಯಲ್ಲಿ ಇನ್ನೊಂದು ಸಂಕಟವೂ ಸೇರುತ್ತದೆ. ಗುರುತು ಹಿಡಿಯದ ತಂದೆ ಎದುರಿಗೇ ಇದ್ದಾರೆ, ಆದರೆ ಮೊದಲಿನ ತಂದೆ ಹೋಗಿಯಾಗಿದೆ. ಸತ್ತವರಿಗೆ ಸೂತಕ, ತಿಥಿ, ನೆಂಟರ ಸಾಂತ್ವನ ಎಲ್ಲ ಇವೆ. ಹೀಗೆ ಹೋದವರಿಗೆ ಯಾವ ವಿಧಿಯೂ ಇಲ್ಲ.

ಎಲ್ಲಿಂದ ಮುಂದೆ ಇದು ಬರೀ ದಣಿವಲ್ಲ ಎಂದು ತಿಳಿಯುವುದು ಹೇಗೆ? ಎರಡು ವಾರಕ್ಕೂ ಮೀರಿ ಬಹುತೇಕ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ರೋಗಿ ಮಲಗಿದ್ದಾಗಲೂ ನಿದ್ರೆ ಬಾರದಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಬೇಕು. ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ತನ್ನನ್ನಾಗಲೀ ಅವರನ್ನಾಗಲೀ ಮುಗಿಸಿಬಿಡಬೇಕು ಎನಿಸಿದರೆ, ಅವರನ್ನು ಬೀಳದಂತೆ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ ತಕ್ಷಣ ಫೋನ್ ಮಾಡಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ವ್ಯವಸ್ಥೆಯ ಮೇಲುಸ್ತುವಾರಿ ಸಂಸ್ಥೆ.

ದೂರದ ಒಡಹುಟ್ಟಿದವರು

‘ಏನಾದರೂ ಬೇಕಾದರೆ ಹೇಳು’ ಎಂದು ಅಣ್ಣ ಹೇಳುತ್ತಾನೆ. ನೋಡಿಕೊಳ್ಳುವ ತಂಗಿ ಹೇಳುವುದಿಲ್ಲ, ಅವನಿಗೇ ತಿಳಿಯಬೇಕಿತ್ತು ಎಂದುಕೊಳ್ಳುತ್ತಾಳೆ. ಅವನು, ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದುಕೊಳ್ಳುತ್ತಾನೆ. ಈ ಗಂಟು ಬಿಚ್ಚಲು ಸಹಾಯ ಕೇಳುವುದಕ್ಕಿಂತ ಕೆಲಸ ವಹಿಸುವುದು ಪರಿಣಾಮಕಾರಿ. ‘ಅಣ್ಣ, ಇನ್ನು ಮೇಲೆ ಔಷಧ ಮುಗಿಯುವ ಮೊದಲೇ ಆನ್‌ಲೈನಿನಲ್ಲಿ ತರಿಸುವುದು ನಿನ್ನದು. ವಿಮೆಯ ಕಾಗದವೂ ನಿನ್ನದೇ’ ಎಂದರೆ ಅದರಲ್ಲಿ ತಪ್ಪಿಸಿಕೊಳ್ಳುವ ಸಂದು ಕಡಿಮೆ.

ಕಾವಲಿನ ಒಂದು ಪಾಲನ್ನೂ ದೂರದಿಂದ ಹೊರಬಹುದು. ತಾಯಿ ಮಾತನಾಡುವ ಸ್ಥಿತಿಯಲ್ಲಿದ್ದರೆ, ಕ್ಯಾಲಿಫೋರ್ನಿಯದ ಮಗ ತನ್ನ ಬೆಳಗಿನ ಕಾಫಿಯ ಹೊತ್ತಿಗೆ ವಿಡಿಯೋ ಕರೆ ಮಾಡಿದರೆ ಇಲ್ಲಿ ರಾತ್ರಿ ಏಳೂವರೆ, ಎಂಟೂವರೆ. ದಿನಾ ಅದೇ ಹೊತ್ತಿಗೆ ಅರ್ಧ ಗಂಟೆ ಅವನು ಮಾತನಾಡಿಸುತ್ತಿದ್ದರೆ ಇವಳು ಅಷ್ಟು ಹೊತ್ತು ಬಚ್ಚಲ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಸ್ನಾನ ಮಾಡಬಹುದು. ಇನ್ನು ರಜೆಯಲ್ಲಿ ಬರುವವರ ಮಾತು. ಅವರು ಹತ್ತು ದಿನ ಇದ್ದು ಹೋಗುತ್ತಾರೆ, ಆ ಹತ್ತು ದಿನ ಆರೈಕೆಯ ಜೊತೆಗೆ ಅತಿಥಿ ಸತ್ಕಾರವೂ ಇವಳ ಪಾಲಿಗೇ ಬರುತ್ತದೆ. ಬರುವವರು ಬಂದ ದಿನವೇ ಕೆಲಸ ಕಲಿತು, ಮರುದಿನದಿಂದ ಇವಳನ್ನು ಬೇರೆಡೆಗೆ ಕಳುಹಿಸಿದರೆ ಅದು ನಿಜವಾದ ರಜೆ.

ಮಾತಿನಿಂದ ಆಗದಿದ್ದರೆ ಕಾನೂನೂ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ತಂದೆತಾಯಿ ತಮ್ಮ ಮಕ್ಕಳಿಂದ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಜೀವನಾಂಶ ಕೇಳಬಹುದು. ಉಪವಿಭಾಗಾಧಿಕಾರಿ ದರ್ಜೆಯ ಅಧಿಕಾರಿಯ ನೇತೃತ್ವದ ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಆದೇಶಿಸಬಹುದು. ಅವರೇ ಹೋಗಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಇನ್ನೊಬ್ಬರು ಅರ್ಜಿ ಹಾಕಬಹುದು. ಈ ಹಣ ಹಿರಿಯರಿಗೆ ಸಲ್ಲುವಂಥದ್ದು. ನೋಡಿಕೊಳ್ಳುವ ಮಗಳ ಶ್ರಮಕ್ಕೆ ಕಾಯ್ದೆಯಲ್ಲಿ ಬೆಲೆಯಿಲ್ಲ.

ಸಹಿ ಹಾಕುವ ಕೈ ಸೋತಾಗ

ಇದನ್ನು ಹೆಚ್ಚಿನವರು ತಡವಾಗಿ ತಿಳಿಯುತ್ತಾರೆ. ತಂದೆ ಮಗಳಿಗೆ ಮುಖ್ತ್ಯಾರ್ ನಾಮೆ, ಎಂದರೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರೂ, ಅವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ಅದು ಊರ್ಜಿತವಲ್ಲ. ಭಾರತೀಯ ಕರಾರು ಕಾಯ್ದೆಯ 201ನೆಯ ಸೆಕ್ಷನ್ ಹಾಗೆ ಹೇಳುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಆಸ್ತಿ ಮಾರಲು, ಅವರೊಬ್ಬರದೇ ಹೆಸರಿನಲ್ಲಿರುವ ದೊಡ್ಡ ಠೇವಣಿ ಮುರಿಯಲು ಪಾಲಕರನ್ನಾಗಿ ನೇಮಿಸುವಂತೆ ನ್ಯಾಯಾಲಯಕ್ಕೆ, ಅನೇಕ ಪ್ರಕರಣಗಳಲ್ಲಿ ನೇರವಾಗಿ ಹೈಕೋರ್ಟಿಗೇ, ಹೋಗಬೇಕಾಗುತ್ತದೆ.

ಆದ್ದರಿಂದ ಮರೆವಿನ ಕಾಯಿಲೆ ಆರಂಭದ ಹಂತದಲ್ಲಿರುವಾಗಲೇ, ಅವರಿಗೆ ಅರ್ಥವಾಗುತ್ತಿರುವಾಗಲೇ, ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡುವುದು, ನಾಮಿನಿ ಹೆಸರು ಸೇರಿಸುವುದು, ಉಯಿಲು ಬರೆಯುವುದು ಒಳ್ಳೆಯದು. ಉಳಿದ ಒಡಹುಟ್ಟಿದವರಿಗೆ ಗೊತ್ತಿದ್ದೇ ಇದು ನಡೆಯಲಿ. ಇಲ್ಲವಾದರೆ ಸೇವೆ ಮಾಡಿದವಳ ಮೇಲೇ ನಾಳೆ ದೂರು ಬರುತ್ತದೆ. ಕೈ ಸೋತಿದ್ದು ಬುದ್ಧಿ ಚೆನ್ನಾಗಿದ್ದರೆ ಬ್ಯಾಂಕಿನಲ್ಲಿ ಸಾಕ್ಷಿಗಳ ಎದುರು ಹೆಬ್ಬೆಟ್ಟಿನ ಗುರುತಿನಿಂದ ಹಣ ತೆಗೆಯುವ ಅವಕಾಶವಿದೆ. ಎಪ್ಪತ್ತು ದಾಟಿದವರಿಗೆ ಮನೆ ಬಾಗಿಲಲ್ಲೇ ಮೂಲಭೂತ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಪಿಂಚಣಿಗೆ ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕಾಗಿ ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಒಯ್ಯುವ ಅಗತ್ಯವೂ ಈಗಿಲ್ಲ. ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿ ಅದನ್ನು ಮನೆಯಿಂದಲೇ ಸಲ್ಲಿಸಬಹುದು.

ಹೊರಗಿನ ನೆರವು: ಸಿಗುವುದು, ಸಿಗದಿರುವುದು

ಎಪ್ಪತ್ತು ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್ ವಿಸ್ತರಣೆಯನ್ನು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಇದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಮನೆಯ ಡಯಾಪರ್, ಏರ್ ಬೆಡ್, ಹೋಮ್ ನರ್ಸ್ ಸಂಬಳ ಇವು ಅದರೊಳಗೆ ಬರುವುದಿಲ್ಲ. ಹೆಚ್ಚಿನ ಖಾಸಗಿ ವಿಮೆಗಳ ಕಥೆಯೂ ಇದೇ.

ಹೋಮ್ ನರ್ಸ್ ಎಂದು ಏಜೆನ್ಸಿ ಕಳುಹಿಸುವವರೆಲ್ಲ ನರ್ಸಿಂಗ್ ಓದಿದವರಲ್ಲ. ಆಹಾರದ ನಳಿಕೆ, ಕ್ಯಾತಿಟರ್ ಎಂಬ ಮೂತ್ರದ ನಳಿಕೆ ಇದ್ದರೆ ತರಬೇತಿಯನ್ನು ಕೇಳಿ ತಿಳಿಯಬೇಕು. ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ, ವಾರದ ರಜೆ, ಕೆಲಸದ ಪಟ್ಟಿ ಮೊದಲ ದಿನವೇ ಬರಹದಲ್ಲಿರಲಿ. ಇಪ್ಪತ್ತನಾಲ್ಕು ಗಂಟೆಯೂ ಇರುವವರಿಗೂ ನಿದ್ರೆ ಬೇಕೆನ್ನುವುದನ್ನು ಮರೆತರೆ ದಣಿದವರು ಒಬ್ಬರ ಬದಲು ಇಬ್ಬರಾಗುತ್ತಾರೆ. ದಿನವಿಡೀ ಇಟ್ಟುಕೊಳ್ಳುವಷ್ಟು ಹಣವಿಲ್ಲದಿದ್ದರೆ ಬೆಳಿಗ್ಗೆ ಎರಡು ಗಂಟೆ ಸ್ನಾನಕ್ಕೆ ಮಾತ್ರ, ಅಥವಾ ವಾರಕ್ಕೆರಡು ರಾತ್ರಿಗೆ ಮಾತ್ರ ಕರೆಯುವವರೂ ಇದ್ದಾರೆ. ಹಣ ಕಡಿಮೆಯಿದ್ದಾಗ ಅದನ್ನು ರಾತ್ರಿಗೆ ಖರ್ಚು ಮಾಡುವುದು ಲೇಸು.

ಉಪಶಮನ ಆರೈಕೆ ಎಂದರೆ ಸಾಯುವವರಿಗೆ ಮಾತ್ರ ಎಂಬ ಭಾವನೆಯಿದೆ. ವಾಸಿಯಾಗದ ಕಾಯಿಲೆಯಲ್ಲಿ ನೋವು, ಉಬ್ಬಸ, ಹುಣ್ಣು, ಭಯ ಇವನ್ನು ತಗ್ಗಿಸುವುದು ಅದರ ಕೆಲಸ, ಮತ್ತು ಮನೆಯವರ ಯೋಗಕ್ಷೇಮವೂ ಅದರೊಳಗೇ ಬರುತ್ತದೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ಉಲ್ಬಣಿಸಿದವರಿಗೆ ಉಚಿತವಾಗಿ ಇದನ್ನು ಕೊಡುತ್ತದೆ. ಬೇರೆ ಊರುಗಳಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ, ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬೇಕು. ಮರೆವಿನ ಕಾಯಿಲೆಯವರಿಗೆ ಹಗಲು ಆರೈಕೆ ಕೇಂದ್ರಗಳನ್ನು ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುತ್ತಿದೆ. ಶಾಲೆಗೆ ಬಿಟ್ಟಂತೆ ಬೆಳಿಗ್ಗೆ ಬಿಟ್ಟು ಸಂಜೆ ಕರೆತರಬಹುದು. ನಗರ ಪೊಲೀಸರೊಂದಿಗೆ ಅದೇ ಸಂಸ್ಥೆ ನಡೆಸುವ ಹಿರಿಯರ ಸಹಾಯವಾಣಿ 1090. ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ತಾಲ್ಲೂಕು ಕೇಂದ್ರ ದಾಟಿದರೆ ಇಂಥ ಸೇವೆ ವಿರಳ ಎನ್ನುವುದನ್ನೂ ಹೇಳಬೇಕು. ಅಲ್ಲಿ ನೆರವಾಗುವವರು ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಮತ್ತು ನೆರೆಮನೆ.

ನೋಡಿಕೊಳ್ಳುವವರೇ ಮಲಗಿದರೆ

ಒಂಟಿ ಆರೈಕೆಯ ಮನೆ ಒಂದೇ ಕಂಬದ ಚಪ್ಪರ. ಆ ಕಂಬಕ್ಕೆ ಡೆಂಗಿ ಬಂದರೆ? ಬಹುತೇಕರ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಆರೈಕೆಯ ಇಡೀ ಜ್ಞಾನ ಅವರ ತಲೆಯಲ್ಲಿ ಮಾತ್ರ ಇರುತ್ತದೆ. ಅದನ್ನು ಒಂದು ಹಾಳೆಗೆ ಇಳಿಸುವುದು ಅರ್ಧ ಗಂಟೆಯ ಕೆಲಸ. ಕಾಯಿಲೆಯ ಹೆಸರು, ಔಷಧ, ಅಲರ್ಜಿ, ಡಾಕ್ಟರ ಸಂಖ್ಯೆ ಇವು ಹೇಗೂ ಬೇಕು. ಅದಕ್ಕಿಂತ ಉಪಯೋಗಕ್ಕೆ ಬರುವುದು ಬೇರೆ ಯಾರಿಗೂ ಗೊತ್ತಿರದ ಸಂಗತಿಗಳು:

ಬೆಳಗಿನ ಮಾತ್ರೆ ಬಾಳೆಹಣ್ಣಿನೊಳಗಿಟ್ಟರೆ ನುಂಗುತ್ತಾರೆ, ನೀರಿನಲ್ಲಿ ಉಗುಳುತ್ತಾರೆ. ಕಾಫಿ ತೆಳುವಾಗಿದ್ದರೆ ಕೆಮ್ಮು ಬರುತ್ತದೆ, ರಾಗಿ ಅಂಬಲಿ ಸರಿ. ಬಲಗಿವಿ ಕೇಳಿಸದು, ಎಡಕ್ಕೆ ನಿಂತು ಮಾತನಾಡಿ. ಸ್ನಾನಕ್ಕೆ ಹಟ ಮಾಡಿದರೆ ‘ಶುಕ್ರವಾರ, ಪೂಜೆ ಇದೆ’ ಎನ್ನಿ. ‘ಅಪ್ಪ ಎಲ್ಲಿ’ ಎಂದು ಕೇಳಿದರೆ ತೀರಿಹೋದರು ಎನ್ನಬೇಡಿ, ಗದ್ದೆಗೆ ಹೋಗಿದ್ದಾರೆ ಎನ್ನಿ. ಎಡಗೈ ಹಿಡಿದು ಎಳೆಯಬೇಡಿ.

ಇದರ ಕೆಳಗೆ ಎರಡು ಹೆಸರು ಬೇಕು: ಒಂದು ಗಂಟೆಯೊಳಗೆ ಬರಬಲ್ಲ ಒಬ್ಬರು, ಒಂದು ವಾರ ಉಳಿಯಬಲ್ಲ ಒಬ್ಬರು. ಮೊದಲನೆಯವರು ನೆರೆಯವರಾಗಿರಬಹುದು, ಅವರ ಬಳಿ ಮನೆಯ ಒಂದು ಬೀಗದ ಕೈ ಇರಲಿ. ಎರಡನೆಯವರನ್ನು ತಿಂಗಳಿಗೊಮ್ಮೆಯಾದರೂ ಒಂದು ದಿನ ಕರೆಸಿ, ಹಾಳೆ ಕೈಗಿತ್ತು, ನೋಡಿಕೊಳ್ಳುವವರು ಹೊರಗೆ ಹೋಗಬೇಕು. ಮೊದಲ ಸಲ ಊಟ ತಡವಾಗಬಹುದು, ಡಯಾಪರ್ ಓರೆಯಾಗಬಹುದು, ಮೂರು ಬಾರಿ ಫೋನ್ ಬರಬಹುದು. ಫೋನಿನಲ್ಲಿ ಕೇಳಿದ ಆ ಮೂರು ಪ್ರಶ್ನೆಗಳ ಉತ್ತರವನ್ನು ಸಂಜೆ ಹಾಳೆಗೆ ಸೇರಿಸಿದರೆ ಮುಂದಿನ ತಿಂಗಳು ಒಂದೇ ಬಾರಿ ಬರುತ್ತದೆ. ಹಾಳೆಯ ಒಂದು ಪ್ರತಿ ಫ್ರಿಜ್ಜಿನ ಬಾಗಿಲ ಮೇಲಿರಲಿ, ಇನ್ನೊಂದು ಫೋಟೋ ಆಗಿ ಒಡಹುಟ್ಟಿದವರ ಮೊಬೈಲಿನಲ್ಲಿರಲಿ. ಮಾತ್ರೆ ಬದಲಾದ ದಿನವೇ ಎರಡನ್ನೂ ತಿದ್ದಬೇಕು.